ನಿಘಂಟಿನ ಎರಡನೆಯ ಸಾಲು

ಹಾ ಮೊಹಾಪಿ, ಬಾಸುಟೋಲ್ಯಾಂಡ್
14 ಸೆಪ್ಟೆಂಬರ್ 1941

ಪ್ರೀತಿಯ ಅಣ್ಣ ಮೊಲೆಫಿ,

ನಾವು ಬದುಕಿದ್ದೇವೆ. ನೀನೂ ಬದುಕಿದ್ದೀಯೆ ಎಂದುಕೊಂಡು ಬರೆಯುತ್ತಿದ್ದೇನೆ. ಚಳಿ ಇಳಿದ ಮೇಲೆ ಅಪ್ಪನ ಮೊಣಕಾಲು ನೋವು ಕಡಿಮೆಯಾಗಿದೆ. ತಮ್ಮ ಲೆಬೋನಾ ನಿನ್ನ ಕೆಂಪು ಕುದುರೆಯನ್ನು ಈಗ ತನ್ನದೇ ಎನ್ನುತ್ತಾನೆ. ಅದೂ ಅವನ ಮಾತು ಕೇಳುತ್ತದೆ, ಏನು ಮಾಡುವುದು.

ಮಸೇರುವಿನ ಶಿಬಿರದಿಂದ ನೀನು ಬರೆದ ಕಾಗದ ಬಂತು. ವಿಳಾಸ ಹೇಗೆ ಬರೆಯಬೇಕೆಂದು ಅದರಲ್ಲಿ ತಿಳಿಸಿದ್ದೆಯಲ್ಲ, ಮೊದಲು ನಿನ್ನ ನಂಬರು, ಆಮೇಲೆ ಹೆಸರು, ಅದರ ಕೆಳಗೆ ಪಯೊನಿಯರ್ ಎಂದು? ಆ ಮಾತು ನಮ್ಮ ಅಂಗಳದಲ್ಲಿ ಎರಡು ದಿನ ಓಡಾಡಿತು. ನಮ್ಮವರಿಗೆ ಗೊತ್ತಿದ್ದದ್ದು ಸೋಲ್ಜರ್ ಒಂದೇ. ಅಪ್ಪ ತಡೆಯಲಾರದೆ, "ನೀನು ಶಾಲೇಲಿ ಪಾಠ ಹೇಳೋಳು. ಪಾದ್ರಿ ಮನೇಲಿ ದಪ್ಪ ನಿಘಂಟು ಇದೆಯಂತಲ್ಲ, ನಡಿ ನೋಡೋಣ" ಎಂದು ನನ್ನ ಜೊತೆಗೇ ಹೊರಟ. ಟೋಪಿ ಕೈಯಲ್ಲಿ ಹಿಡಿದು ಪಾದ್ರಿಯ ಜಗಲಿಯ ಮೇಲೆ ನಿಂತೇ ಇದ್ದ. ನಾನು ಪುಟ ತಿರುವಿ ಓದಿದೆ: "ಎಲ್ಲರಿಗಿಂತ ಮುಂದೆ ಹೋಗಿ, ಹಿಂದೆ ಬರುವವರಿಗೆ ದಾರಿ ತೆರೆಯುವವನು."

ಅಪ್ಪ ಇನ್ನೊಮ್ಮೆ ಓದಿಸಿದ. ಮನೆಗೆ ಬರುವ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ. ಬಾವಿಯ ಹತ್ತಿರದ ಹೆಂಗಸರನ್ನೂ ಬಿಡಲಿಲ್ಲ. ಸಂಜೆ ಮುಖಂಡನ ಅಂಗಳದಲ್ಲಿ ಹೆಂಡದ ಮಡಕೆಯ ಸುತ್ತ ಕೂತಾಗ ಮತ್ತೆ ಅದೇ ಮಾತು. ಸೇಯಿಸಾ ಚಿಕ್ಕಪ್ಪ ಮೂಲೆಯಲ್ಲಿ ಕೂತು ಕೇಳಿಸಿಕೊಂಡು, "ಹೋದ ಯುದ್ಧದಲ್ಲಿ ನಮ್ಮನ್ನ ಫ್ರಾನ್ಸಿಗೆ ಕರಕೊಂಡು ಹೋದಾಗ ಕಂಟಿಂಜೆಂಟ್ ಅಂತಿದ್ರು. ಅದರ ಅರ್ಥಾನೂ ದೊಡ್ಡದೇ ಇದ್ದಿರಬೇಕು. ನನಗೆ ಮರದ ದಿಮ್ಮಿ ಮಾತ್ರ ಗೊತ್ತಾಯ್ತು" ಎಂದ. ಜನ ನಕ್ಕರು. ಅಪ್ಪ ನಗಲಿಲ್ಲ. "ದಿಮ್ಮಿ ಹೊರೋಕೆ ಈ ಮನೆಯಿಂದ ಒಬ್ಬ ಹೋಗಿದ್ದು ಸಾಕು. ನನ್ನ ಮಗ ಹೋಗಿರೋದು ಬೇರೆಗೆ" ಎಂದ.

ಲೆಬೋನಾ ಕೇಳುತ್ತಿದ್ದಾನೆ, ನಿನಗೆ ಎಂಥ ಬಂದೂಕು ಕೊಟ್ಟಿದ್ದಾರೆ ಎಂದು.

ನಿನ್ನ ತಂಗಿ,
ಕೆನೆವೆ


ಈಜಿಪ್ಟ್
2 ಡಿಸೆಂಬರ್ 1941

ಪ್ರೀತಿಯ ಕೆನೆವೆ,

ನಾನು ಬದುಕಿದ್ದೇನೆ. ಈ ಕಾಗದವನ್ನು ಅಪ್ಪನಿಗೂ, ಅಂಗಳದಲ್ಲಿ ಕೂತವರಿಗೂ ಓದಿ ಹೇಳು.

ಸಮುದ್ರ ದಾಟಿ ಬಂದೆವು. ಅದು ಎಷ್ಟು ದೊಡ್ಡದೆಂದು ಹೇಳಿದರೆ ನೀವು ನಂಬುವುದಿಲ್ಲ. ಸೆಂಕು ನದಿಯ ಒಂದು ದಡ ಮಾತ್ರ ಇದ್ದು ಇನ್ನೊಂದು ಇಲ್ಲದಿದ್ದರೆ ಹೇಗಿರುತ್ತದೋ ಹಾಗೆ. ಮೊದಲ ವಾರ ಎಲ್ಲರೂ ವಾಂತಿ ಮಾಡಿಕೊಂಡೆವು. ಇಲ್ಲಿ ಬೆಟ್ಟವೇ ಇಲ್ಲ. ಬೆಳಿಗ್ಗೆ ಎದ್ದಾಗ ಕಣ್ಣು ಆನಿಸಿಕೊಳ್ಳಲು ಏನೂ ಸಿಗದೆ ತಲೆ ತಿರುಗಿದಂತಾಗುತ್ತದೆ.

ಪಯೊನಿಯರ್ ಎಂದರೆ ಅಪ್ಪ ಹೇಳಿದ್ದು ಸರಿ. ದಾರಿಯಿಲ್ಲದ ಕಡೆ ನಾವು ಮೊದಲು ಹೋಗುತ್ತೇವೆ. ನಾವು ಹೋಗಿ ಮುಗಿಸುವವರೆಗೆ ಉಳಿದ ಸೈನ್ಯ ಒಂದು ಹೆಜ್ಜೆಯೂ ಮುಂದಿಡುವಂತಿಲ್ಲ. ದೊಡ್ಡ ದೊಡ್ಡ ಟ್ಯಾಂಕುಗಳು ಕೂಡ ನಮಗಾಗಿ ಕಾಯುತ್ತ ನಿಲ್ಲುತ್ತವೆ.

ಬಂದೂಕಿನ ವಿಷಯ ಲೆಬೋನಾಗೆ ಹೇಳು, ಅದನ್ನೆಲ್ಲ ಬರೆಯುವಂತಿಲ್ಲ. ನಮ್ಮ ಕಾಗದಗಳನ್ನು ಅಧಿಕಾರಿ ಓದಿ, ಬೇಡವಾದದ್ದನ್ನು ಕತ್ತರಿಸಿ ಕಳಿಸುತ್ತಾನೆ.

ಕೈಗೆ ಹಚ್ಚಲು ಸ್ವಲ್ಪ ಕುರಿಯ ಕೊಬ್ಬು ಕಳಿಸಲು ಆಗುತ್ತದೆಯೇ? ಒಣಹವೆಗೆ ಅಂಗೈ ಒಡೆಯುತ್ತಿದೆ. ಬೇರೇನಿಲ್ಲ.

ನಿನ್ನ ಅಣ್ಣ,
ಮೊಲೆಫಿ


ಹಾ ಮೊಹಾಪಿ
8 ಮಾರ್ಚ್ 1942

ಪ್ರೀತಿಯ ಅಣ್ಣ,

ನಾವು ಬದುಕಿದ್ದೇವೆ. ಕುರಿಯ ಕೊಬ್ಬನ್ನು ತಗಡಿನ ಡಬ್ಬಿಯಲ್ಲಿ ಹಾಕಿ, ಮೇಲೆ ಬಟ್ಟೆ ಹೊಲಿದು ಕಳಿಸಿದ್ದೇನೆ. ಮುಟ್ಟಿದರೆ ತಿಳಿಸು.

ನಿನ್ನ ಕಾಗದವನ್ನು ಅಂಗಳದಲ್ಲಿ ಓದಿದೆ. ಟ್ಯಾಂಕುಗಳು ನಿಮಗಾಗಿ ಕಾಯುತ್ತವೆ ಎನ್ನುವ ಕಡೆ ಬಂದಾಗ ಅಪ್ಪ ಎದ್ದು ನಿಂತ. ಮುಖಂಡನೇ, "ನೋಡ್ರೋ, ನಮ್ಮ ಊರಿನವನು ಬರೋವರೆಗೂ ಇಂಗ್ಲಿಷರು ಕಾಯಬೇಕಂತೆ" ಎಂದ. ಲೆಬೋನಾ ಆ ಸಾಲನ್ನು ಮೂರು ಸಲ ಓದಿಸಿಕೊಂಡ.

ಮರುವಾರ ನದಿಯಾಚೆಯ ಊರಿಗೆ ಒಬ್ಬ ಶ್ವಾಸಕೋಶ ಕೆಟ್ಟು ಮರಳಿ ಬಂದಿದ್ದಾನೆಂದು ತಿಳಿಯಿತು. ಅವನೂ ನಿನ್ನ ಹಾಗೇ ಪಯೊನಿಯರ್. ಸೇಯಿಸಾ ಚಿಕ್ಕಪ್ಪ ಹೋಗಿ ಮಾತಾಡಿಸಿ ಬಂದು, ಅಪ್ಪನ ಮುಂದೆ ಕೂತು, "ಅಣ್ಣಾ, ಬಯ್ಯಬೇಡ. ಅಲ್ಲಿ ನಮ್ಮವರಿಗೆ ಗುದ್ದಲಿ ಕೊಡ್ತಾರಂತೆ. ಹಡಗಿನಿಂದ ಮೂಟೆ ಇಳಿಸೋದು, ಕಲ್ಲು ಹಾಸೋದು, ಹಳ್ಳ ತೋಡೋದು. ಚಿಕ್ಕೋನು ಸೈನ್ಯ ಸೈನ್ಯ ಅಂತ ಕುಣೀತಿದ್ದಾನೆ, ಅವನಿಗಾದ್ರೂ ಹೇಳು" ಎಂದ. ಅಪ್ಪ ಕೈಯಲ್ಲಿದ್ದ ಹೆಂಡವನ್ನು ನೆಲಕ್ಕೆ ಚೆಲ್ಲಿ, "ನಿನ್ನ ಬೆನ್ನು ಬಾಗಿದೆ ಅಂತ ಎಲ್ಲರ ಬೆನ್ನೂ ಬಾಗಬೇಕಾ? ಇನ್ನು ಈ ಅಂಗಳಕ್ಕೆ ಬರಬೇಡ" ಎಂದುಬಿಟ್ಟ. ಚಿಕ್ಕಪ್ಪ ಕೋಲು ಊರಿಕೊಂಡು ಹೋದ. ಆಮೇಲೆ ಬಂದಿಲ್ಲ.

ಇದರ ಮುಂದಿನದು ಓದಿ ಹೇಳುವುದಕ್ಕಲ್ಲ. ಜೋಹಾನ್ಸ್‌ಬರ್ಗಿನ ಗಣಿಯಿಂದ ನೀನು ಬಂದಾಗ ನಿನ್ನ ಅಂಗೈ ನೋಡಿದ್ದೇನೆ. ಅದಕ್ಕೆ ಕೊಬ್ಬು ಸವರಿದವಳು ನಾನೇ. ಒಣಹವೆಗೆ ಕೈಯ ಹಿಂಭಾಗ ಒಡೆಯುತ್ತದೆ ಅಣ್ಣ, ಅಂಗೈ ಅಲ್ಲ. ಲೆಬೋನಾ ಮುಂದಿನ ಕರೆಗೆ ಹೆಸರು ಕೊಡುತ್ತೇನೆ ಎನ್ನುತ್ತಿದ್ದಾನೆ. ಅವನು ನನ್ನ ಮಾತು ನಂಬುವುದಿಲ್ಲ, ಚಿಕ್ಕಪ್ಪನದಂತೂ ಇಲ್ಲವೇ ಇಲ್ಲ. ನಿನ್ನ ಮಾತು ಮಾತ್ರ ನಂಬುತ್ತಾನೆ. ಗುದ್ದಲಿಯೋ ಬಂದೂಕೋ, ಒಂದೇ ಸಾಲು ಬೇರೆ ಹಾಳೆಯಲ್ಲಿ ಬರೆದು ಇಡು. ಅಂಚೆ ಮೊದಲು ಶಾಲೆಗೇ ಬರುತ್ತದೆ. ಅಪ್ಪನ ಕಣ್ಣಿಗೆ ಬೀಳದಂತೆ ಲೆಬೋನಾಗೆ ತೋರಿಸಿ ಸುಟ್ಟುಬಿಡುತ್ತೇನೆ.

ನಿನ್ನ,
ಕೆನೆವೆ


ಈಜಿಪ್ಟ್
5 ಜುಲೈ 1942

ಪ್ರೀತಿಯ ಕೆನೆವೆ,

ನಾನು ಬದುಕಿದ್ದೇನೆ. ಕೊಬ್ಬು ಮುಟ್ಟಿತು.

ಇದರ ಜೊತೆ ಒಂದು ಫೋಟೊ ಇಟ್ಟಿದ್ದೇನೆ. ಪೇಟೆಯಿಂದ ಫೋಟೊದವನು ಬಂದಿದ್ದ. ಕೈಯಲ್ಲಿರುವುದು ಏನೆಂದು ಲೆಬೋನಾಗೆ ನಾನು ಹೇಳಬೇಕಾಗಿಲ್ಲ, ಅವನಿಗೇ ಕಾಣುತ್ತದೆ. ಅಪ್ಪ ಇದನ್ನು ಎಲ್ಲರಿಗೂ ತೋರಿಸಲಿ. ನದಿಯಾಚೆಯ ಕಾಯಿಲೆಯವನಿಗೂ ತೋರಿಸಲಿ.

ತಂಗಿಯಾದವಳು ಅಣ್ಣನನ್ನು ಕಟಕಟೆಯಲ್ಲಿ ನಿಲ್ಲಿಸಬಾರದು. ನಾನು ಬರೆದದ್ದು ಬರೆದ ಹಾಗೇ ಇದೆ. ಬೇರೆ ಹಾಳೆ ಬೇಕಾಗಿಲ್ಲ.

ಲೆಬೋನಾ ಅಲ್ಲೇ ಇರಲಿ. ಮನೆಯಲ್ಲಿ ಒಬ್ಬ ಗಂಡು ಬೇಕು. ಕುದುರೆಗಳನ್ನು ನೋಡಿಕೊಳ್ಳಲಿ.

ನಿನ್ನ ಅಣ್ಣ,
ಮೊಲೆಫಿ


ಹಾ ಮೊಹಾಪಿ
20 ಅಕ್ಟೋಬರ್ 1942

ಪ್ರೀತಿಯ ಅಣ್ಣ,

ನಾವು ಬದುಕಿದ್ದೇವೆ.

ಫೋಟೊ ಬಂತು. ನೀನು ಚೆನ್ನಾಗಿ ಕಾಣುತ್ತೀಯೆ. ಬಂದೂಕನ್ನು ಎದೆಗೆ ಅಡ್ಡ ಹಿಡಿದಿದ್ದೀಯೆ, ಗಲ್ಲ ಮೇಲಕ್ಕೆತ್ತಿದ್ದೀಯೆ. ಅಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿ ಕಂಬಳಿಯೊಳಗೆ ಇಟ್ಟುಕೊಂಡು ಮೂರು ಊರು ತಿರುಗಿದ. ನಾನು ನಿನ್ನ ಮೇಲೆ ಅನುಮಾನ ಪಟ್ಟದ್ದಕ್ಕೆ ಕ್ಷಮಿಸು.

ಲೆಬೋನಾ ಹೋದ. ನಮ್ಮ ಕಡೆಯಿಂದ ಹದಿನೇಳು ಜನ ಹೋದರು. ಮನೆಯಲ್ಲಿ ಇರಲಿ ಎಂದು ನೀನು ಬರೆದದ್ದನ್ನು ಓದಿ ಹೇಳಿದೆ. "ಅಣ್ಣ ಹಾಗೇ ಬರೀತಾನೆ. ಅವನು ಹೋಗುವಾಗ ಯಾರಾದ್ರೂ ಅವನನ್ನ ಕೇಳಿದ್ರಾ?" ಎಂದ. ಹತ್ತೊಂಬತ್ತು ವರ್ಷದವನಿಗೆ ಏನು ಹೇಳಿದರೂ ಉತ್ತರ ಇರುತ್ತದೆ.

ನದಿ ದಾಟುವ ಕಡೆಯವರೆಗೆ ನಾನು ಅವನ ಜೊತೆ ನಡೆದೆ. ಕೊನೆಯ ಸಲ ಕೇಳಿ ನೋಡೋಣವೆಂದು, "ಅಲ್ಲಿ ನಿನಗೆ ಬಂದೂಕು ಕೊಡದೆ ಇದ್ರೆ?" ಎಂದೆ.

"ಯಾಕೆ ಕೊಡಲ್ಲ? ಅಣ್ಣನಿಗೆ ಕೊಟ್ಟಿದ್ದಾರಲ್ಲ."

"ಫೋಟೊ ಒಂದೇ ನೋಡಿ ಹೇಳ್ತೀಯಾ?"

"ಅಕ್ಕಾ, ನಮ್ಮಣ್ಣ ಸುಳ್ಳು ಹೇಳ್ತಾನೆ ಅಂತೀಯಾ? ಅಂದ್ಬಿಡು. ಹಾಗಂತ ನೀನು ಒಂದು ಮಾತು ಅಂದ್ರೆ ಇಲ್ಲಿಂದಾನೇ ವಾಪಸ್ ಬರ್ತೀನಿ."

ನಾನು ಅನ್ನಲಿಲ್ಲ. ಅವನು ನಗುತ್ತ ಪ್ಯಾಂಟು ಮಡಚಿ ನೀರಿಗಿಳಿದ. ಮೊಣಕಾಲುದ್ದ ನೀರಿಗೂ ಕಲ್ಲಿಂದ ಕಲ್ಲಿಗೆ ಕೈ ಊರಿಕೊಂಡೇ ದಾಟಿದ. ಆ ಹೆದರಿಕೆ ಅವನಿಗೆ ಚಿಕ್ಕಂದಿನಿಂದ ಹೋಗಿಲ್ಲ, ನಿನಗೆ ಗೊತ್ತಲ್ಲ.

ನಿನ್ನ ತುಕಡಿಗೇ ಹಾಕಿರೆಂದು ಕೇಳಿಕೊಳ್ಳುತ್ತಾನಂತೆ. ಹುಡುಗನನ್ನು ನೋಡಿಕೋ.

ನಿನ್ನ,
ಕೆನೆವೆ


ಒಂದು ದ್ವೀಪ, ಹೆಸರು ಬರೆಯುವಂತಿಲ್ಲ
15 ಜನವರಿ 1943

ಕೆನೆವೆ,

ನಿನ್ನ ಕಾಗದ ಈ ದಿನ ಕೈ ಸೇರಿತು. ಲೆಬೋನಾ ಇನ್ನೂ ಮಸೇರುವಿನಲ್ಲೇ ಇದ್ದರೆ ಹೇಗಾದರೂ ಮಾಡಿ ತಡೆ. ಅಪ್ಪನಿಗೆ ಕಾಯಿಲೆ ಎಂದು ಹೇಳಿಸು, ಬೇಕಾದರೆ ಸತ್ತನೆಂದೇ ಹೇಳಿಸು. ಪಾದ್ರಿಯವರ ಕಾಲು ಹಿಡಿದು ಶಿಬಿರದ ಅಧಿಕಾರಿಗೆ ಒಂದು ಚೀಟಿ ಬರೆಸು. ಕಾರಣ ಕೇಳಬೇಡ. ನಾನು ಬಂದ ಮೇಲೆ ಎಲ್ಲ ಹೇಳುತ್ತೇನೆ.

ಈ ಕಾಗದ ಯಾರಿಗೂ ಓದಬೇಡ.

ಮೊಲೆಫಿ


ಅದೇ ದ್ವೀಪದಿಂದ
18 ಏಪ್ರಿಲ್ 1943

ಪ್ರೀತಿಯ ಕೆನೆವೆ,

ನಾನು ಬದುಕಿದ್ದೇನೆ. ಹೋದ ಸಲ ಗಾಬರಿಯಲ್ಲಿ ಏನೇನೋ ಬರೆದೆ, ಮರೆತುಬಿಡು. ಈಗ ಒಳ್ಳೆಯ ಸುದ್ದಿ ಇದೆ. ಲೆಬೋನಾ ಈಜಿಪ್ಟಿಗೆ ಬಂದು ಮುಟ್ಟಿದ್ದಾನೆ! ಹಡಗಿನವನೊಬ್ಬನ ಕೈಯಲ್ಲಿ ಎರಡು ಸಾಲಿನ ಚೀಟಿ ಕಳಿಸಿದ್ದ. "ಅಣ್ಣ, ನಾನಿರುವ ಕಂಪನಿ ನೀನಿರುವ ಕಡೆಗೇ ಹಡಗು ಹತ್ತುತ್ತದೆಯಂತೆ. ನಿನಗೆ ಒಂದು ಕೊಡುವುದಿದೆ" ಎಂದು. ಏನು ಕೊಡುವುದಿದೆಯೋ ಬರೆದಿಲ್ಲ. ಮನೆಯಿಂದ ನೀನು ಏನಾದರೂ ಕಳಿಸಿದ್ದೀಯಾ?

ಅವನಿಗೆಂದು ನನ್ನ ಡೇರೆಯಲ್ಲಿ ನನ್ನ ಪಕ್ಕದಲ್ಲೇ ಜಾಗ ಬಿಡಿಸಿದ್ದೇನೆ. ಒಂದು ಒಳ್ಳೆಯ ಕಂಬಳಿ ಸಂಪಾದಿಸಿದ್ದೇನೆ, ನಮ್ಮ ಊರಿನ ಹಾಗೆ ದಪ್ಪನೆಯದಲ್ಲ, ಆದರೂ ಆದೀತು. ಇಲ್ಲಿಯ ರೊಟ್ಟಿ ತಿಂದು ತಿಂದು ನಾಲಿಗೆ ಸತ್ತಿದೆ. ನಮ್ಮ ಅಡುಗೆಯವನಿಗೆ ಹೇಳಿ ಅವನು ಬಂದ ದಿನ ಜೋಳದ ಹಿಟ್ಟಿನ ಮುದ್ದೆ ಮಾಡಿಸುತ್ತೇನೆ.

ಅವನ ಹತ್ತಿರ ಎದುರಾಎದುರು ಕೂತು ಹೇಳಬೇಕಾದ ಮಾತು ಒಂದಿದೆ. ಕಾಗದದಲ್ಲಿ ಬರೆಯಲಾರದ್ದು ಬಾಯಲ್ಲಿ ಬರುತ್ತದೆ ಎಂದುಕೊಂಡಿದ್ದೇನೆ. ಅವನು ನಗುಮುಖದವನು, ನಕ್ಕುಬಿಡುತ್ತಾನೆ. ಆಮೇಲೆ ಇಬ್ಬರೂ ಸೇರಿ ನಿನಗೆ ಬರೆಯುತ್ತೇವೆ.

ನಿನ್ನ ಅಣ್ಣ,
ಮೊಲೆಫಿ


30 ಮೇ 1943

ಕೆನೆವೆ,

ಹಡಗು ಬರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಅಪ್ಪಣೆಯಿಲ್ಲ. ಅಪ್ಪನ ಹತ್ತಿರವೇ ಇರು. ಎಲ್ಲಿಗೂ ಹೋಗಬೇಡ.

ಮೊಲೆಫಿ


ಹಾ ಮೊಹಾಪಿ
6 ಜೂನ್ 1943

ಪ್ರೀತಿಯ ಮೊಲೆಫಿ ಅಣ್ಣನಿಗೂ, ಕಳ್ಳ ಲೆಬೋನಾಗೂ,

ನಾವು ಬದುಕಿದ್ದೇವೆ. ಈ ಕಾಗದವನ್ನು ಇಬ್ಬರೂ ಒಟ್ಟಿಗೆ ಕೂತು ಓದಿ. ನೀವು ಸೇರುತ್ತೀರೆಂದು ಅಣ್ಣ ಏಪ್ರಿಲಿನಲ್ಲಿ ಬರೆದದ್ದು ನಿನ್ನೆ ಬಂತು. ಇಷ್ಟು ಬೇಗ ಬಂದ ಕಾಗದ ಇದೇ ಮೊದಲು. ಜನವರಿಯದು ಸಿಕ್ಕಾಗ ಲೆಬೋನಾ ಆಗಲೇ ಮಸೇರು ಬಿಟ್ಟಿದ್ದ. ಅಪ್ಪ ಒಂದು ಕುರಿ ಕಡಿದ. "ಇಬ್ಬರೂ ಒಂದೇ ಡೇರೇಲಿ ಮಲಗ್ತಾರೆ. ಒಬ್ಬನಿಗೆ ಕನಸು ಬಿದ್ದರೆ ಇನ್ನೊಬ್ಬ ಎಬ್ಬಿಸ್ತಾನೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಾನೆ.

ಜೋಳದ ಕೊಯ್ಲು ಮುಗಿಯಿತು. ಮಲೂಟಿ ಬೆಟ್ಟಗಳ ತುದಿಯಲ್ಲಿ ಹಿಮ ಬಿದ್ದಿದೆ. ಲೆಬೋನಾ, ನಿನ್ನ ಕೆಂಪು ಕುದುರೆ ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ. ಮೊನ್ನೆ ಮುಖಂಡನ ಅಳಿಯನನ್ನು ಕೆಸರಿಗೆ ಎಸೆಯಿತು, ಊರೆಲ್ಲ ನಕ್ಕಿತು.

ನೀವಿಬ್ಬರೂ ಜೊತೆಗಿದ್ದೀರಿ, ಲೆಬೋನಾ ಈಗ ಕಣ್ಣಾರೆ ನೋಡಿರುತ್ತಾನೆ. ಆದ್ದರಿಂದ ನನ್ನ ಕಳ್ಳತನವನ್ನೂ ಹೇಳಿಬಿಡುತ್ತೇನೆ. ನಿಘಂಟಿನಲ್ಲಿ ಆ ಮಾತಿಗೆ ಒಂದು ಸಾಲಲ್ಲ, ಎರಡು ಇದ್ದವು. ಎರಡನೆಯದು ಹೀಗಿತ್ತು: "ಸೈನ್ಯದಲ್ಲಿ ಗುದ್ದಲಿ, ಪಿಕಾಸಿ ಹಿಡಿದು ರಸ್ತೆ, ಹಳ್ಳಗಳ ಕೆಲಸ ಮಾಡುವ ಆಳು." ನಾನು ಎರಡನ್ನೂ ಓದಿಕೊಂಡೆ, ಅಪ್ಪನಿಗೆ ಒಂದನ್ನೇ ಓದಿದೆ. ಅಣ್ಣ, ನಿನ್ನ ಮೊದಲ ಕಾಗದದಿಂದಲೇ ನನಗೆ ಗೊತ್ತಿತ್ತು. ಫೋಟೊ ಬಂದಾಗ ನಂಬಿದೆ ಎಂದು ಬರೆದೆ, ಪೂರ್ತಿ ನಂಬಿರಲಿಲ್ಲ. ನಂಬಿದರೆ ಸುಖವಾಗಿತ್ತು, ಅದಕ್ಕೆ. ಲೆಬೋನಾ, ನದಿಯ ಹತ್ತಿರ ನಾನು ಸುಮ್ಮನಿದ್ದದ್ದಕ್ಕೆ ನನ್ನನ್ನು ಎಷ್ಟು ಬೇಕಾದರೂ ಬೈ. ಇಬ್ಬರೂ ನನ್ನನ್ನು ನೆನೆದು ಜೋರಾಗಿ ನಗಿ.

ನಿಮ್ಮ,
ಕೆನೆವೆ


ಹಾ ಮೊಹಾಪಿ
25 ಆಗಸ್ಟ್ 1943

ಅಣ್ಣ,

ನೀನು ಮೇ ತಿಂಗಳಲ್ಲಿ ಬರೆದ ಚೀಟಿ ನನಗೆ ಸಿಕ್ಕಿದ್ದು ಹೋದ ವಾರ. ಅಷ್ಟರಲ್ಲಿ ನಮಗೆ ತಿಳಿದಿತ್ತು.

ಮುಖಂಡ ಎಲ್ಲರನ್ನೂ ಸಭೆಗೆ ಕರೆಸಿದ. ಗುಮಾಸ್ತ ಒಂದು ಉದ್ದನೆಯ ಪಟ್ಟಿ ತಂದಿದ್ದ. ನಮ್ಮ ನಾಡಿನ ನೂರಾರು ಜನ ಒಂದೇ ಹಡಗಿನಲ್ಲಿ ಮುಳುಗಿದರಂತೆ. ಹೆಸರಿಗೆ ಮೊದಲು ಪ್ರತಿಸಲವೂ ಪಯೊನಿಯರ್, ಪಯೊನಿಯರ್ ಎಂದು ಓದುತ್ತ ಹೋದ. ನಮ್ಮ ಕಡೆಯ ಹದಿನೇಳರಲ್ಲಿ ಹನ್ನೊಂದು. ಲೆಬೋನಾನ ಹೆಸರು ಆರನೆಯದು. ಒಬ್ಬೊಬ್ಬ ಹೆಂಗಸು ಕೂಗಿಕೊಂಡಾಗ ಗುಮಾಸ್ತ ನಿಲ್ಲಿಸಿ, ಅವಳನ್ನು ಕರೆದುಕೊಂಡು ಹೋದ ಮೇಲೆ ಮುಂದಿನ ಹೆಸರು ಓದುತ್ತಿದ್ದ. ನಮ್ಮ ಹೆಸರಿಗೆ ನಿಲ್ಲಿಸಬೇಕಾಗಲಿಲ್ಲ. ಅಪ್ಪ ಪಟ್ಟಿ ಮುಗಿಯುವವರೆಗೂ ಕೂತಿದ್ದ.

ತಲೆ ಬೋಳಿಸಿಕೊಂಡೆವು. ಕರಿಯ ಬಟ್ಟೆ ಉಟ್ಟಿದ್ದೇವೆ. ಹೂಳಲು ಏನೂ ಇಲ್ಲ. ಜನ ಬಂದು ಗೋಡೆಗೆ ಒರಗಿ ಕೂರುತ್ತಾರೆ, ಏನು ಮಾಡಬೇಕೆಂದು ತಿಳಿಯದೆ ಎದ್ದು ಹೋಗುತ್ತಾರೆ.

ಮೂರನೆಯ ದಿನ ಸೇಯಿಸಾ ಚಿಕ್ಕಪ್ಪ ಬಂದು ಹೊರಗೇ ನಿಂತ. ಬರಬೇಡ ಎಂದು ಅಪ್ಪ ಹೇಳಿದ್ದನಲ್ಲ. ಅಪ್ಪ ಅವನನ್ನು ನೋಡಿ ಚಾಪೆಯ ಮೇಲೆ ಸ್ವಲ್ಪ ಸರಿದು ಕೂತ. ಚಿಕ್ಕಪ್ಪ ಬಂದು ಆ ಜಾಗದಲ್ಲಿ ಕೂತ. ಅಪ್ಪ, "ನಾವು ಮೊಸಳೆ ಕುಲ ಅಂತ ಹಾಡ್ತೀವಿ. ನಮ್ಮಲ್ಲಿ ಒಬ್ಬನಿಗೂ ಈಜು ಬರಲ್ಲ" ಎಂದ.

ನನ್ನ ಜೂನ್ ತಿಂಗಳ ಕಾಗದ ನಿನಗೆ ಮುಟ್ಟದೇ ಇರಲಿ. ಮುಟ್ಟಿದ್ದರೆ ಹರಿದುಹಾಕು.

ಕೆನೆವೆ


ಇಟಲಿ
12 ಡಿಸೆಂಬರ್ 1943

ಕೆನೆವೆ,

ನಿನ್ನ ಜೂನ್ ತಿಂಗಳ ಕಾಗದ ಮುಟ್ಟಿತು. ಹರಿಯಲಿಲ್ಲ.

ಈ ಕಾಗದವನ್ನು ಅಂಗಳದಲ್ಲಿ, ಎಲ್ಲರ ಎದುರು ಓದು. ಒಂದು ಮಾತೂ ಬಿಡಬೇಡ. ಇದನ್ನು ಕತ್ತರಿಸಬೇಡಿರೆಂದು ಅಧಿಕಾರಿಯನ್ನು ಬೇಡಿಕೊಂಡಿದ್ದೇನೆ. ಅವನು ಓದಿ, ನನ್ನ ಮುಖ ನೋಡಿ, ಹಾಗೇ ಮುಚ್ಚಿ ಅಂಟಿಸಿದ.

ಅಪ್ಪ, ನನ್ನ ಹತ್ತಿರ ಬಂದೂಕು ಇರಲಿಲ್ಲ. ಫೋಟೊದಲ್ಲಿರುವುದು ಒಬ್ಬ ಇಂಗ್ಲಿಷ್ ಸೈನಿಕನದು. ಅವನ ಬಟ್ಟೆ ಒಗೆದುಕೊಟ್ಟು ಬೇಡಿ ಪಡೆದೆ. ಫೋಟೊದವನು ಹತ್ತು ಎಣಿಸುವಷ್ಟು ಹೊತ್ತು ಅದು ನನ್ನ ಕೈಯಲ್ಲಿತ್ತು. ನಾವು ಹಡಗಿನಿಂದ ಮೂಟೆ ಇಳಿಸಿದ್ದೇವೆ. ಮರಳಿನ ಮೇಲೆ ಕಲ್ಲು ಹಾಸಿದ್ದೇವೆ. ಟ್ಯಾಂಕುಗಳು ಕಾಯುತ್ತವೆ ಎಂದದ್ದು ನಿಜ, ರಸ್ತೆ ಆಗುವವರೆಗೆ ಕಾಯುತ್ತವೆ. ಇಲ್ಲಿ ಕೆಲವು ವಾರಗಳಿಂದ ಸತ್ತವರಿಗೆ ಗುಂಡಿ ತೋಡುತ್ತಿದ್ದೇವೆ. ನೆಲ ಹೆಪ್ಪುಗಟ್ಟಿ ಕಲ್ಲಾಗಿದೆ, ಒಂದು ಗುಂಡಿಗೆ ಅರ್ಧ ದಿನ ಬೇಕು. ಗಣಿ ಬಿಡುವಾಗ, ಇನ್ನು ಬೇರೆಯವನ ಕೂಗಿಗೆ ಗುದ್ದಲಿ ಎತ್ತುವುದಿಲ್ಲವೆಂದು ನಾನು ನಿಮಗೆ ಹೇಳಿದ್ದೆ. ಸೈನ್ಯಕ್ಕೆ ಸೇರಿದ ಎರಡನೆಯ ದಿನ ಕೈಗೆ ಅದನ್ನೇ ಕೊಟ್ಟರು. ಚಿಕ್ಕಪ್ಪನನ್ನು ಕಂಡು ಜನ ನಗುವುದನ್ನು ನೋಡಿ ಬೆಳೆದವನು ನಾನು. ಬರೆಯಲು ಧೈರ್ಯ ಬರಲಿಲ್ಲ. ಕೆನೆವೆ ಒಂದೇ ಸಾಲು ಕೇಳಿದ್ದಳು. ಬರೆದಿದ್ದರೆ ಲೆಬೋನಾ ಬರುತ್ತಿರಲಿಲ್ಲ. ನಾನು ಅದರ ಬದಲು ಫೋಟೊ ಕಳಿಸಿದೆ.

ಚಿಕ್ಕಪ್ಪ, ನಿಮ್ಮ ಮಾತು ನಿಜವಾಗಿತ್ತು.

ಇನ್ನೊಂದು ವಿಷಯ. ಆ ಹಡಗಿನಿಂದ ಉಳಿದವನೊಬ್ಬ ನಮ್ಮ ತುಕಡಿಗೆ ಬಂದಿದ್ದಾನೆ. ಖೋರೋ ಎಂದು ಹೆಸರು, ನಾಲ್ವತ್ತು ದಾಟಿದವನು. ಲೆಬೋನಾನ ಅಣ್ಣ ನಾನು ಎಂದು ತಿಳಿದ ಮೇಲೆ ಎರಡು ದಿನ ನನ್ನ ಕಣ್ಣು ತಪ್ಪಿಸಿ ತಿರುಗಿದ. ಮೂರನೆಯ ದಿನ ತಾನೇ ಬಂದು ಕೂತು ಹೇಳಿದ.

ಈಜಿಪ್ಟಿನ ಶಿಬಿರದಲ್ಲಿ ಲೆಬೋನಾ ಕೈಗೆ ಗುದ್ದಲಿ ಕೊಟ್ಟಾಗ ಅದನ್ನು ಮೇಲೆ ಕೆಳಗೆ ನೋಡಿ ನಕ್ಕನಂತೆ. "ಹಾಗಾದ್ರೆ ಇದೇ ನಮ್ಮಣ್ಣನ ಬಂದೂಕು. ಅಪ್ಪನ ತಲೆ ತಗ್ಗಬಾರದು ಅಂತ ಎರಡು ವರ್ಷದಿಂದ ಸುಳ್ಳು ಬರೀತಾ ಕೂತಿದ್ದಾನೆ ಪಾಪಿ. ಸಿಗಲಿ, ಅವನ ಕಪಾಳಕ್ಕೆ ಒಂದು ಕೊಡೋದಿದೆ. ಆಮೇಲೆ ತಬ್ಕೋತೀನಿ" ಎಂದನಂತೆ. ಹಡಗಿನಲ್ಲೂ ದಿನಾ ಇದನ್ನೇ ಹೇಳುತ್ತಿದ್ದನಂತೆ, ಕೊಡೋದಿದೆ, ಕೊಡೋದಿದೆ ಎಂದು.

ವಿಮಾನಗಳು ಬಂದದ್ದು ಸಂಜೆ. ನಮ್ಮವರೆಲ್ಲ ಹಡಗಿನ ಅಡಿಯಲ್ಲಿದ್ದರು. ಮೇಲೆ ಹೋಗಲು ಇದ್ದದ್ದು ಒಂದೇ ಏಣಿ, ಅದೂ ಕಬ್ಬಿಣದ ಸಣ್ಣ ಏಣಿ. ಬಾಂಬು ಬಿದ್ದು ಹಡಗು ವಾಲಿತು, ನೀರು ಬಂತು. ಖೋರೋ ದಪ್ಪ ಮನುಷ್ಯ, ಕಾಲು ಜಾರಿ ಜಾರಿ ಬೀಳುತ್ತಿದ್ದ. ಲೆಬೋನಾ ಕೆಳಗಿನಿಂದ ತನ್ನ ಹೆಗಲು ಕೊಟ್ಟು ನೂಕುತ್ತ, "ಹತ್ತಪ್ಪ, ಹತ್ತು. ಹಿಂದೆ ನೋಡಬೇಡ. ನಾನು ಹಿಂದೇನೇ ಇದ್ದೀನಿ" ಎಂದನಂತೆ. ಖೋರೋ ಮೇಲೆ ಬಂದು ತಿರುಗಿ ಕೈ ಚಾಚಿದಾಗ ಏಣಿಯಿದ್ದ ಕಡೆ ಬರೀ ನೀರಿತ್ತು.

ಇಷ್ಟು ಹೇಳಿ ಖೋರೋ ತನ್ನ ಕೆನ್ನೆಯನ್ನು ನನ್ನ ಕಡೆ ತಿರುಗಿಸಿ, "ಹೊಡಿ" ಎಂದ. ಅವನಿಗೆ ಹೊಡೆದು ನಾನು ಏನು ಮಾಡಲಿ? ನನಗೆ ಬರಬೇಕಾಗಿದ್ದ ಏಟು ಬರಲಿಲ್ಲ.

ಯುದ್ಧ ಮುಗಿದ ಮೇಲೆ ನಾನು ಮನೆಗೆ ಬರಬಹುದೋ ಇಲ್ಲವೋ ಅಪ್ಪ ಹೇಳಲಿ. ಬೇಡವೆಂದರೆ ಗಣಿಯ ಕಡೆಗೆ ಹೋಗುತ್ತೇನೆ.

ಮೊಲೆಫಿ


ಹಾ ಮೊಹಾಪಿ
2 ಏಪ್ರಿಲ್ 1944

ಅಣ್ಣ,

ಕಾಗದ ಬಂದು ಒಂಬತ್ತು ದಿನವಾಯಿತು. ಮೊದಲು ಅಪ್ಪನಿಗೆ ಮಾತ್ರ ಓದಬೇಕೆಂದು ಅವನು ಕುದುರೆಗೆ ನೀರು ಕುಡಿಸುತ್ತಿದ್ದ ಕಡೆ ಹೋದೆ. ಮೊದಲ ಎರಡು ಸಾಲು ಕೇಳಿ ಕೈ ಎತ್ತಿ ನಿಲ್ಲಿಸಿ, "ಎಲ್ಲರ ಎದುರು ಓದು ಅಂತ ಬರೆದಿದ್ದಾನಲ್ಲ. ಹಾಗೇ ಓದು" ಎಂದ.

ಮರುದಿನ ಅಂಗಳದಲ್ಲಿ ಓದಿದೆ. ಯಾರನ್ನೂ ನೋಡದೆ ಓದಿದೆ. ಏಣಿಯ ಕಡೆ ಬಂದಾಗ ಕಾಗದವನ್ನು ಮಡಿಲಲ್ಲಿಟ್ಟೆ. ಸೇಯಿಸಾ ಚಿಕ್ಕಪ್ಪ ನೀರು ತಂದುಕೊಟ್ಟ. ಬೇರೆ ಹತ್ತು ಮನೆಯವರೂ ಅಲ್ಲಿದ್ದರು ಅಣ್ಣ. ಅವರ ಮಕ್ಕಳಲ್ಲಿ ಎಷ್ಟು ಜನ ನಿನ್ನ ಫೋಟೊ ನೋಡಿ ಹೋದವರೋ, ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಒಬ್ಬ ತಾಯಿ ಎದ್ದು ಹೋಗುವಾಗ ನಮ್ಮ ಕಡೆ ತಿರುಗಿ ನೋಡಿದಳು. ಅವಳು ಈಗ ನನ್ನ ಜೊತೆ ಮಾತಾಡುವುದಿಲ್ಲ.

ನಿನ್ನ ಪಾಲಿನದನ್ನು ನೀನು ಹೇಳಿದ ಮೇಲೆ ನನ್ನದನ್ನು ಇಟ್ಟುಕೊಂಡಿರಲು ಆಗಲಿಲ್ಲ. ಮನೆಗೆ ಬಂದು ಅಪ್ಪನಿಗೆ ನಿಘಂಟಿನ ವಿಷಯ ಹೇಳಿದೆ. ಎರಡನೆಯ ಸಾಲನ್ನು ಅವತ್ತೇ ಓದಿದ್ದೆ, ಮುಚ್ಚಿಟ್ಟೆ ಎಂದೆ.

ಅಪ್ಪ ಕೇಳಿದ, "ಮೊದಲನೇದು ಓದಿದಾಗ ನನ್ನ ಮುಖ ಹ್ಯಾಗಿತ್ತು?"

"ನಗ್ತಾ ಇದ್ದೆ ಅಪ್ಪ."

"ಎಷ್ಟು ವರ್ಷ ಆಗಿತ್ತು ನಾನು ನಕ್ಕು?"

"ಅಮ್ಮ ಹೋದ ಮೇಲೆ ನಾನು ನೋಡಿರಲಿಲ್ಲ."

"ಹಂಗಿದ್ರೆ ಎರಡನೇದು ನೀನು ಮುಚ್ಚಿಡಲಿಲ್ಲ. ನಾನೇ ಓದೋಕೆ ಬಿಡಲಿಲ್ಲ" ಎಂದ. ಮತ್ತೆ, "ಅವನಿಗೂ ನಾನೇ ಬರೆಯೋಕೆ ಬಿಡಲಿಲ್ಲ" ಎಂದ. ಆಮೇಲೆ ಕಂಬಳಿ ಮುಖದ ಮೇಲೆ ಎಳೆದುಕೊಂಡ. ಅವನು ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಪಟ್ಟಿ ಓದಿದ ದಿನವೂ ಅತ್ತಿರಲಿಲ್ಲ.

ಈ ಒಂಬತ್ತು ದಿನ ನಿನಗೆ ಏನು ಬರೆಯಲಿ ಎಂದು ಪ್ರತಿದಿನ ಕೇಳಿದೆ. ಇವತ್ತು ಬೆಳಿಗ್ಗೆ ಅವನಾಗಿಯೇ ಕರೆದು ಕೂರಿಸಿಕೊಂಡು ಹೇಳಿದ. ಅವನು ಹೇಳಿದ ಹಾಗೇ ಬರೆಯುತ್ತಿದ್ದೇನೆ:

"ಮನೆಗೆ ಬರೋದು ಬಿಡೋದು ಕೇಳಬೇಡ. ನಿನ್ನ ಮನೆ, ಬಾ. ಬಂದ ಮೇಲೆ ಆ ಹತ್ತು ಮನೆ ಬಾಗಿಲಿಗೂ ಇಬ್ಬರೂ ಹೋಗೋಣ. ಹೊಡೆದರೆ ಹೊಡೆಸಿಕೊಳ್ಳೋಣ. ಈಗ ಒಂದು ಮಾತು ಕೇಳು. ನನ್ನ ಮಗನನ್ನ ಮಣ್ಣಿಗೆ ಕೊಡೋಕೆ ನನಗೆ ಸಿಗಲಿಲ್ಲ. ಅಲ್ಲಿ ನಿನ್ನ ಕೈಗೆ ಬರೋರು ಯಾರ ಮಕ್ಕಳೋ, ಅವರ ಅಪ್ಪಂದಿರು ಎಲ್ಲಿದ್ದಾರೋ. ನೆಲ ಗಟ್ಟಿಯಿದೆ ಅಂತ ಬರೆದಿದ್ದೀಯ. ಇರಲಿ. ಆಳವಾಗಿ ತೋಡು."

ಇಷ್ಟೇ ಸಾಕು ಎಂದ.

ಕೆನೆವೆ